ಬೂದಿರೆಕ್ಕೆಯ ಪತಂಗಗಳು

ಜೀವಮಾನವೆಲ್ಲ ಕನ್ನಡ ಕಾವ್ಯವನ್ನು ಪಾಠ ಹೇಳಿದ ನನಗೆ ಪತಂಗವೆಂದರೆ ದೀಪಕ್ಕೆ ಬಿದ್ದು ಸಾಯುವ ಒಂದು ಉಪಮಾನ, ಅಷ್ಟೆ. ಅದಕ್ಕೆ ಮಕ್ಕಳುಂಟು, ಆ ಮಕ್ಕಳಿಗೆ ಹಸಿವುಂಟು ಎಂಬುದನ್ನು ಅರಿತದ್ದು ನಿವೃತ್ತನಾದ ಮೇಲೆ, 2019ರ ಮುಂಗಾರಿನಲ್ಲಿ, ಲಿಂಗಸುಗೂರಿನ ಬಳಿಯ ನಮ್ಮ ಹೊಲದಲ್ಲಿ. ಗೋವಿನಜೋಳದ ಸುಳಿಗಳೆಲ್ಲ ಹರಿದಿದ್ದವು. ಅಂಗಡಿಯವರು ಹಳೆಯ ಕಾಂಡಕೊರಕವೆಂದು ಊಹಿಸಿ ಎಣ್ಣೆ ಕೊಟ್ಟರು, ತಮ್ಮ ಹೊಡೆದ. ಯಾವ ಹುಳುವೆಂದು ನಾನು ಕೇಳಿದರೆ, “ಕೀಡಿ ಅಂದ್ರ ಕೀಡಿ ಅಣ್ಣ, ಅದಕ್ಕೇನು ಹೆಸರು?” ಎಂದ. ಹತ್ತು ದಿನ ವ್ಯರ್ಥವಾಯಿತು. ಬೆಳೆಯೂ ಅರ್ಧ ಹೋಯಿತು.

ಹೆಸರಿತ್ತು. ಸ್ಪೋಡಾಪ್ಟೆರಾ ಎಂಬುದು ಕುಲದ ಹೆಸರು. ಗ್ರೀಕ್ ಭಾಷೆಯ ಬೂದಿ, ರೆಕ್ಕೆ ಎಂಬ ಪದಗಳ ಸಮಾಸ. ಫ್ರಾನ್ಸಿನ ಗೆನೆ ಎಂಬ ವಿದ್ವಾಂಸ 1852ರಲ್ಲಿ ಇಟ್ಟದ್ದು. ಬಹುಮಟ್ಟಿಗೆ ಉಷ್ಣದೇಶಗಳಲ್ಲಿ ನೆಲಸಿರುವ ಈ ಕುಲದಲ್ಲಿ ಸುಮಾರು 30 ಪ್ರಭೇದಗಳುಂಟು. ನಮ್ಮ ಹೊಲಕ್ಕೆ ಬಂದದ್ದು ಅಮೆರಿಕ ಖಂಡದ ಫ್ರುಜಿಪರ್ಡಾ. ಲ್ಯಾಟಿನ್ನಿನಲ್ಲಿ ಫಲನಾಶವೆಂಬ ಅರ್ಥ. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡ ಇದನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿಯೇ. ಮರಿಹುಳುವಿನ ಹಣೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗಾಗಿ ಬರೆದಂತಿರುತ್ತದೆ. ಬಾಲದ ಬಳಿ ನಾಲ್ಕು ಕಪ್ಪು ಚುಕ್ಕೆ, ಚೌಕಾಕಾರವಾಗಿ. ಬೆಳೆದ ಹುಳು ಸುಳಿಯೊಳಗೆ ಕುಳಿತು, ಮರದ ಪುಡಿಯಂತಹ ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೇಲೆ ಹೊಡೆದ ಔಷಧ ಅದನ್ನು ಮುಟ್ಟುವುದೆಂತು?

ಅದರ ದಾಯಾದಿ ಲಿಟೂರಾ ನಮ್ಮ ನೆಲದ್ದೇ. ಶೇಂಗಾ, ಹತ್ತಿ, ಮೆಣಸಿನಗಿಡ ಯಾವುದನ್ನೂ ಬಿಡದು. ಲಿಟೂರಾ ಎಂದರೆ ಬರಹದ ಮೇಲೆ ಬಳಿದ ಕಲೆ, ಅಳಿಸಿದ ಗುರುತು. 1775ರಲ್ಲಿ ಫ್ಯಾಬ್ರಿಸಿಯಸ್ ಇಟ್ಟ ಈ ಹೆಸರನ್ನು ಉತ್ತರಪತ್ರಿಕೆ ತಿದ್ದಿ ದಣಿದ ನನ್ನಂಥವನು ಮರೆಯಲಾರ. ಇದರ ತಾಯಿ ಮೊಟ್ಟೆಗಳನ್ನು ಗುಂಪಾಗಿಟ್ಟು, ತನ್ನ ಒಡಲ ರೋಮದಿಂದಲೇ ಹೊದಿಸುತ್ತದೆ. ಆ ಎಲೆಯನ್ನು ಕಿತ್ತು ನಾಶಮಾಡಿದರೆ ನೂರಾರು ಹುಳು ಒಮ್ಮೆಗೇ ಹೋದಂತೆ. ಮಾರಿಷಿಯಾ ಎಂಬುದಕ್ಕೆ ಭತ್ತದ ಸಸಿಮಡಿ ಇಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಕಡೆ ಇದನ್ನು ಅರಿತಿರಬೇಕು: ಮಡಿಗೆ ನೀರು ನಿಲ್ಲಿಸಿದರೆ ಹುಳುಗಳು ತೇಲಿಬರುತ್ತವೆ, ಉಳಿದದ್ದು ಹಕ್ಕಿಗಳ ಕೆಲಸ. ಎಕ್ಸಿಗುವಾ, ಎಂದರೆ ಅಲ್ಪ, ಕಡಲೆಯ ಎಳೆಗಿಡಕ್ಕೆ ಬೀಳುತ್ತದೆ, ಹೆಸರಷ್ಟೇ ಅಲ್ಪ.

ದೀಪದ ಕೆಳಗೆ ಬಿದ್ದಾಗ ಇವೆಲ್ಲ ಬರಿಗಣ್ಣಿಗೆ ಹೆಚ್ಚುಕಡಿಮೆ ಒಂದೇ ಬೂದಿ. ಆದರೆ ಅವುಗಳಿಗೆ ತಮ್ಮತಮ್ಮಲ್ಲಿ ಗೊಂದಲವಿಲ್ಲ. ಹೆಣ್ಣು ಗಂಡನ್ನು ಕರೆಯುವ ಗಂಧ ಪ್ರಭೇದಕ್ಕೊಂದು. ಮೋಹಕ ಬಲೆಯಲ್ಲಿ ಲಿಟೂರಾದ ಗಂಧವಿಟ್ಟು ಫ್ರುಜಿಪರ್ಡಾ ಬರಲಿಲ್ಲವೆಂದು ಕೊರಗಿದರೆ ತಪ್ಪು ಬಲೆಯದಲ್ಲ.

ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. ದೇವಾನಾಂಪ್ರಿಯನೆಂಬ ಅರಸನ ಶಾಸನಗಳನ್ನು ವಿದ್ವಾಂಸರು ಬಹುಕಾಲದಿಂದ ಓದುತ್ತಿದ್ದರು. 1915ರಲ್ಲಿ ದೊರೆತ ಈ ಶಾಸನದಲ್ಲಿ ಅಶೋಕನೆಂಬ ಹೆಸರೇ ಇದ್ದುದರಿಂದ ಊಹೆ ನಿಶ್ಚಯವಾಯಿತು. ಒಂದು ಹೆಸರಿನ ಬೆಲೆಯನ್ನು ಈ ಸೀಮೆಯವರಿಗೆ ನಾನು ಹೇಳಬೇಕಿಲ್ಲ.

ಈಗ ತಮ್ಮನು ಹುಳುವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬರುತ್ತಾನೆ. ನಾನು ಕನ್ನಡಕ ಹಾಕಿಕೊಂಡು ಬಾಲದ ಚುಕ್ಕೆ ಎಣಿಸುತ್ತೇನೆ. ಎಣಿಸಿ ಮುಗಿಯುವವರೆಗೆ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.