100ಕ್ಕೆ 4 ಅಂದರೆ ನಮ್ಮ ಮನೆಗೆ ಎಷ್ಟು? ಮದುವೆಗೆ ಮುಂಚೆ ಮಾಡಬೇಕಾದ ಥಲಸ್ಸೇಮಿಯಾ ಲೆಕ್ಕ

ಮಕ್ಕಳಿಗೆ ಸಂಬಂಧ ನೋಡುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ದೇಶದಲ್ಲಿ 100 ಜನರಲ್ಲಿ ಸುಮಾರು 3ರಿಂದ 4 ಮಂದಿ ಬೀಟಾ ಥಲಸ್ಸೇಮಿಯಾ ವಾಹಕರು. ಸಿಂಧಿ, ಪಂಜಾಬಿ ಮುಂತಾದ ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು. ವಾಹಕರು ರೋಗಿಗಳಲ್ಲ, ಹೆಚ್ಚೆಂದರೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇರುತ್ತದೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರಬಹುದು. ಅಂಥ ಮಗುವಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

*ಲೆಕ್ಕ 1: ಹೊರಗಿನ ಸಂಬಂಧ*
100ಕ್ಕೆ 4 ಎಂದಿಟ್ಟುಕೊಳ್ಳಿ. 10,000 ಜೋಡಿಗಳಲ್ಲಿ 400 ಗಂಡಂದಿರು ವಾಹಕರು. ಆ 400 ಮಂದಿಯ ಹೆಂಡತಿಯರಲ್ಲೂ 100ಕ್ಕೆ 4, ಅಂದರೆ 16 ಮಂದಿ. ಒಟ್ಟು 10,000ಕ್ಕೆ 16 ಜೋಡಿ ಮಾತ್ರ.

*ಲೆಕ್ಕ 2: ಸೋದರ ಸಂಬಂಧ*
ರಕ್ತಸಂಬಂಧದಲ್ಲಿ ಮೇಲಿನ ಲೆಕ್ಕ ನಡೆಯದು. ಹುಡುಗಿ ವಾಹಕಳು ಎಂದುಕೊಳ್ಳಿ. ಅದು ತಾಯಿಯ ಕಡೆಯಿಂದ ಬಂದಿರುವ ಸಾಧ್ಯತೆ ಅರ್ಧ. ತಾಯಿಗಿದ್ದರೆ ಅವಳ ತಮ್ಮನಿಗೂ ಇರುವ ಸಾಧ್ಯತೆ ಅರ್ಧ. ಅರ್ಧದಲ್ಲಿ ಅರ್ಧ ಎಂದರೆ ಕಾಲು. ಹಾಗಾಗಿ ಸೋದರಮಾವನೂ ವಾಹಕನಾಗಿರುವ ಸಾಧ್ಯತೆ ಕನಿಷ್ಠ 100ಕ್ಕೆ 25. ಮಾವನ ಮಗ, ಅತ್ತೆಯ ಮಗನಾದರೆ ಅದರ ಅರ್ಧ, 12.5. ಹೊರಗಿನ ಹುಡುಗನಿಗೆ 4 ಮಾತ್ರ!

*ಲೆಕ್ಕ 3: ಇಬ್ಬರೂ ವಾಹಕರಾದರೆ*
ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ 25%, ವಾಹಕವಾಗುವ ಸಾಧ್ಯತೆ 50%, ಏನೂ ಇಲ್ಲದಿರುವ ಸಾಧ್ಯತೆ 25%. "ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ" ಎನ್ನುವುದು ತಪ್ಪು. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ; ಇದೂ ಹಾಗೆಯೇ. ಎರಡು ಮಕ್ಕಳಿಗೂ ರೋಗ ಬಾರದಿರುವ ಸಾಧ್ಯತೆ ಮುಕ್ಕಾಲರಲ್ಲಿ ಮುಕ್ಕಾಲು, ಅಂದರೆ 56%. ಒಬ್ಬರಿಗಾದರೂ ಬರುವ ಸಾಧ್ಯತೆ ಉಳಿದ 44%.

*ಏನು ಮಾಡಬೇಕು?*
✅ ಮದುವೆಗೆ ಮುಂಚೆ ಹಿಮೋಗ್ಲೋಬಿನ್ ಎ2 ಅಳೆಯುವ ಎಚ್‌ಪಿಎಲ್‌ಸಿ ರಕ್ತಪರೀಕ್ಷೆ ಮಾಡಿಸಿ. ಜೀವನದಲ್ಲಿ ಸಾಮಾನ್ಯವಾಗಿ ಒಮ್ಮೆ ಸಾಕು.
✅ ಕಬ್ಬಿಣದ ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ವೈದ್ಯರಲ್ಲಿ ಈ ಪರೀಕ್ಷೆಯ ಬಗ್ಗೆ ಕೇಳಿ.
✅ ಇಬ್ಬರೂ ವಾಹಕರೆಂದು ಮದುವೆಯ ನಂತರ ತಿಳಿದರೂ ಧೈರ್ಯಗೆಡಬೇಡಿ. ಬಸಿರಿನ 10–12ನೇ ವಾರದ ಹೊತ್ತಿಗೆ ಮಗುವಿಗೆ ರೋಗವಿದೆಯೇ ಎಂದು ಪರೀಕ್ಷಿಸಬಹುದು. ತಡಮಾಡದೆ ವೈದ್ಯರನ್ನು ಕಾಣಿ.

ಜಾತಕದ ಜೊತೆಗೆ ರಕ್ತವನ್ನೂ ಹೊಂದಿಸಿ ನೋಡೋಣ. ಮದುವೆ ವಯಸ್ಸಿನ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ.