ಪಿಂಚಣಿ ಅರ್ಜಿ ತಿರಸ್ಕೃತವಾದರೆ ಮಾಡಬೇಕಾದುದೇನು?

ನಿಮ್ಮ ಮನೆಯಲ್ಲಿ ವಯಸ್ಸಾದ ಅತ್ತೆ-ಮಾವಂದಿರಾಗಲಿ, ಗಂಡನನ್ನು ಕಳೆದುಕೊಂಡ ಅಕ್ಕನಾಗಲಿ, ಅಂಗವಿಕಲ ಮಗುವಾಗಲಿ ಇರಬಹುದು. ಇಂತಹವರಿಗೆಂದು ಸರ್ಕಾರವು ಮಾಸಿಕ ಪಿಂಚಣಿಗಳನ್ನು ಕೊಡುತ್ತಿದೆ. 65 ವರ್ಷ ತುಂಬಿದವರಿಗಾಗಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ ಅವುಗಳಲ್ಲೊಂದು. ಮೊತ್ತ ದೊಡ್ಡದಲ್ಲ. ಆದರೆ ಬಸ್ಸಿನ ಖರ್ಚಿಗೆ, ಎಲೆಯಡಿಕೆಗೆ ಮಗ-ಸೊಸೆಯ ಕೈ ನೋಡಬೇಕಾಗಿಲ್ಲವೆಂಬ ನೆಮ್ಮದಿ ಹಿರಿಯರಿಗೂ ನಿಮಗೂ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನೀವೇ ಬಲ್ಲಿರಿ. ಅರ್ಜಿ ತಿರಸ್ಕೃತವಾಯಿತೆಂದೊಡನೆ ಕೆಲವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಕೆಲವರು ಅವೇ ಕಾಗದಗಳನ್ನು ಜೋಡಿಸಿ ಮತ್ತೊಂದು ಅರ್ಜಿ ಕೊಡುತ್ತಾರೆ. ಎರಡರಿಂದಲೂ ಫಲವಿಲ್ಲ. ಮೇಲ್ಮನವಿಯೆಂಬ ದಾರಿಯೊಂದಿದೆ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಹೋಬಳಿಯ ನಾಡಕಚೇರಿಯಲ್ಲಿ ಕೊಟ್ಟ ಅರ್ಜಿಯನ್ನು ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ವಿಚಾರಿಸಿ ವರದಿ ಮಾಡುತ್ತಾರೆ, ತೀರ್ಮಾನ ತಹಶೀಲ್ದಾರರದು. ಆ ತೀರ್ಮಾನದ ಮೇಲಿನ ಮನವಿಯನ್ನು ಕೇಳುವವರು ಮಧುಗಿರಿಯ ಉಪವಿಭಾಗಾಧಿಕಾರಿಗಳು. ‘ಸಕಾಲ’ ಎಂದು ಹೆಸರಾದ 2011ರ ಕಾಯಿದೆಯ ಪ್ರಕಾರ ಅರ್ಜಿ ತಿರಸ್ಕೃತವಾದ ದಿನದಿಂದ, ಅಥವಾ ಉತ್ತರವೇ ಬಾರದೆ ಗಡುವು ಮುಗಿದ ದಿನದಿಂದ, 30 ದಿನಗಳೊಳಗೆ ಮನವಿ ಸಲ್ಲಿಸಬೇಕು. ಗಡುವು ಯಾವಾಗ ಮುಗಿಯುವುದೆಂದು ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯಲ್ಲಿಯೇ ಇರುತ್ತದೆ. ಆ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ.

ಮನವಿಯನ್ನು ಕೇಳುವ ಅಧಿಕಾರಿಯ ಕೆಲಸವೇನೆಂಬುದನ್ನು ಮೊದಲು ಅರಿಯಬೇಕು. ಯಾವ ಕಾರಣ ಕೊಟ್ಟು ಅರ್ಜಿಯನ್ನು ತಳ್ಳಿಹಾಕಲಾಯಿತೋ ಆ ಕಾರಣ ನಿಜವೇ, ಅದಕ್ಕೆ ಆಧಾರವಿದೆಯೇ, ನಿಯಮವು ಹಾಗೆ ಹೇಳುತ್ತದೆಯೇ ಎಂಬುದನ್ನು ಅವರು ಕಡತ ತರಿಸಿ ನೋಡುತ್ತಾರೆ. ಕರುಣೆಯಿಂದ ಒಂದು ವರ್ಷ ವಯಸ್ಸನ್ನು ಕೂಡಿಸುವ ಅಧಿಕಾರ ಅವರಿಗಿಲ್ಲ. ಆದಕಾರಣ ಕಷ್ಟವನ್ನು ನಾಲ್ಕು ಪುಟ ಬರೆದು, ಕಾರಣಕ್ಕೆ ಒಂದು ಸಾಲಿನ ಉತ್ತರವನ್ನೂ ಕೊಡದ ಮನವಿ ನಿಲ್ಲುವುದಿಲ್ಲ. ತಿರಸ್ಕಾರದ ಕಾರಣವನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ. ಬಾಯಿಮಾತಿಗೆ ಉತ್ತರ ಬರೆಯಲಾಗದು.

ವಯಸ್ಸಿನ ವಿಷಯದಲ್ಲಿ ತಕರಾರು ಸಾಮಾನ್ಯ. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಕಾಲದ ಹಿರಿಯರ ಆಧಾರ್ ಕಾರ್ಡಿನಲ್ಲಿ ಅಂದಾಜಿನ ವರ್ಷವೇ ನಮೂದಾಗಿರುವುದುಂಟು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ, ವಯಸ್ಸನ್ನು ನಿರ್ಧರಿಸಲು ಆಧಾರ್‌ಗಿಂತ ಶಾಲೆಯ ಪ್ರಮಾಣಪತ್ರವೇ ತಕ್ಕದ್ದೆಂದು ಹೇಳಿದೆ. ಒಂದೆರಡು ತರಗತಿ ಓದಿದ್ದರೂ ಸಾಕು, ಶಾಲೆಯ ದಾಖಲಾತಿಯ ನಕಲನ್ನು ಹುಡುಕಿಸಿರಿ. ಮಡಕಶಿರಾ, ಹಿಂದೂಪುರಗಳ ಕಡೆಯಿಂದ ಪಾವಗಡಕ್ಕೆ ಸೊಸೆಯಾಗಿ ಬಂದವರ ದಾಖಲೆ ತೆಲುಗಿನಲ್ಲಿದ್ದರೆ ಕನ್ನಡ ಅನುವಾದವನ್ನು ಜೊತೆಗಿಡಿ. ಶಾಲೆಯನ್ನೇ ಕಾಣದವರಿಗೆ ಹಳೆಯ ಮತದಾರರ ಪಟ್ಟಿಯೂ ಹಿರಿಯ ಮಗನ ಜನ್ಮದಾಖಲೆಯೂ ನೆರವಾಗಬಹುದು: ಮಗನಿಗೆ 50 ತುಂಬಿದ್ದರೆ ತಾಯಿಗೆ 58 ಎಂಬುದು ಸಲ್ಲದ ಮಾತು.

ವೈದ್ಯರು ಬರೆದುಕೊಟ್ಟರೆ ಆಗದೇ ಎಂದು ನೀವು ಕೇಳಬಹುದು. ಎಳೆಯರಲ್ಲಿ ಮೂಳೆಯ ಬೆಳವಣಿಗೆಯನ್ನು ಕ್ಷ-ಕಿರಣದಿಂದ ನೋಡಿ ವಯಸ್ಸನ್ನು ಹೇಳಬಹುದು. ಇಪ್ಪತ್ತೈದರ ಸುಮಾರಿಗೆ ಮೂಳೆಗಳು ಕೂಡಿಕೊಂಡ ಮೇಲೆ ನಾವು ಹೇಳುವುದೆಲ್ಲವೂ ವಿಶಾಲವಾದ ಅಂದಾಜು. 64ಕ್ಕೂ 65ಕ್ಕೂ ಇರುವ ಅಂತರವನ್ನು ಯಾವ ವೈದ್ಯನೂ ದೇಹ ನೋಡಿ ಹೇಳಲಾರ.

ಅಂಗವಿಕಲತೆಯ ಮಾತು ಬೇರೆ. ಅಲ್ಲಿ ವೈದ್ಯರ ಪ್ರಮಾಣಪತ್ರವೇ ಮುಖ್ಯ. ಪಿಂಚಣಿಗೆ ಶೇಕಡಾ 40ರಷ್ಟಾದರೂ ನ್ಯೂನತೆ ಇರಬೇಕು. ಈ ಪ್ರಮಾಣವನ್ನು ಅಳೆಯುವುದು ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ವೈದ್ಯರ ಮನಸ್ಸಿನಂತಲ್ಲ. ಒಂದು ಕಣ್ಣು ಪೂರ್ಣ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅದು ಶೇಕಡಾ 30 ಮಾತ್ರ. ಅದು ನಷ್ಟವಲ್ಲವೆಂದು ಯಾರೂ ಹೇಳರು, ಆದರೆ ಪಿಂಚಣಿಗೆ ಸಾಲದು. ಅಳತೆಯೇ ತಪ್ಪೆಂದು ತೋರಿದರೆ ಉಪವಿಭಾಗಾಧಿಕಾರಿಗಳ ಬಳಿ ಹೋಗಿ ಫಲವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಡಿ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ 90 ದಿನಗಳೊಳಗೆ ಬರೆದುಕೊಳ್ಳಬೇಕು. ಈ ಎರಡು ದಾರಿಗಳನ್ನು ಬೆರಸಿಕೊಂಡು ಎರಡೂ ಕಡೆ ಗಡುವು ಕಳೆದುಕೊಳ್ಳಬೇಡಿ.

ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಪಾವಗಡದ ತಿರುಮಣಿ ಸುತ್ತಿನ ಸೌರ ವಿದ್ಯುತ್ ಯೋಜನೆಗೆ ಭೂಮಿಯನ್ನು ಗುತ್ತಿಗೆ ಕೊಟ್ಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭವಾದ ಆ ಗುತ್ತಿಗೆಯ ಲೆಕ್ಕದಲ್ಲಿ ಎರಡೇ ಎಕರೆ ಇದ್ದರೂ 42,000 ಆಯಿತು. ಇದನ್ನು ಮುಚ್ಚಿಡುವುದು ಬೇಡ. ಬ್ಯಾಂಕಿನ ಪುಸ್ತಕದಲ್ಲಿ ಅದು ಕಾಣುತ್ತದೆ. ಭೂಮಿ ಬೇರೆಯಾದ ಅಣ್ಣತಮ್ಮಂದಿರದಾಗಿದ್ದರೆ ಪಹಣಿಯಿಂದ ತೋರಿಸಿ.

ವಿಧವಾ ಪಿಂಚಣಿಗೆ ಮರಣ ಪ್ರಮಾಣಪತ್ರ ಬೇಕು. ಮನೆಯಲ್ಲಿ ಸಾವಾದಾಗ 21 ದಿನಗಳೊಳಗೆ ನೋಂದಣಿ ಮಾಡಿಸುವುದು ದುಃಖದ ನಡುವೆ ಮರೆತುಹೋಗುತ್ತದೆ. ಮನೆಯ ಗಂಡಸರೊಬ್ಬರು ಇದನ್ನು ವಹಿಸಿಕೊಳ್ಳುವುದು ಒಳ್ಳೆಯದು. ನಮ್ಮ ಇಲಾಖೆಗೇ ಸೇರಿದ ಇನ್ನೊಂದು ಗಡುವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ವಿಫಲವಾಗಿ ಗರ್ಭ ನಿಂತರೆ, ಅದು ತಿಳಿದ 90 ದಿನಗಳೊಳಗೆ ಪರಿಹಾರ ಕೋರಬೇಕು.

ಬರುತ್ತಿದ್ದ ಪಿಂಚಣಿ ನಿಂತುಹೋದರೆ ಮೊದಲು ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸಿ. ತೊಡಕು ಅಲ್ಲಿಯೇ ಇದ್ದರೆ ಮಧುಗಿರಿಯವರೆಗೆ ಹೋಗಬೇಕಾಗಿಲ್ಲ.

ಮನವಿ ಒಂದು ಪುಟಕ್ಕೆ ಮೀರದಿರಲಿ. ಅರ್ಜಿಯ ಸಂಖ್ಯೆ, ತಿರಸ್ಕಾರದ ದಿನಾಂಕ, ಅವರು ಹೇಳಿದ ಕಾರಣ, ಅದಕ್ಕೆ ನಿಮ್ಮ ಉತ್ತರ, ಆಧಾರವಾದ ಕಾಗದಗಳ ಪಟ್ಟಿ, ಇಷ್ಟಿದ್ದರೆ ಸಾಕು. ಒಂದು ಪ್ರತಿಗೆ ಮೊಹರು ಹಾಕಿಸಿಕೊಂಡು ಬನ್ನಿ. ವಿಚಾರಣೆಯ ದಿನ ಹಿರಿಯರೊಡನೆ ನಿಮ್ಮಲ್ಲೊಬ್ಬರು ಹೋಗಿ. ಕಿವಿ ಮಂದವಾದವರಿಗೆ ಅಧಿಕಾರಿಯ ಪ್ರಶ್ನೆ ಕೇಳಿಸದೆ ಹೋಗುವುದುಂಟು. ಅಲ್ಲಿಯೂ ತಿರಸ್ಕಾರವಾದರೆ ತುಮಕೂರಿನಲ್ಲಿ ಜಿಲ್ಲಾಧಿಕಾರಿಗಳಿಗೆ ಎರಡನೆಯ ಮನವಿಯುಂಟು, ಅದಕ್ಕೂ 30 ದಿನ. ಮಂಜೂರಾದರೆ ಆದೇಶದ ನಕಲನ್ನು ಪಡೆದು ನೀವೇ ನಾಡಕಚೇರಿಗೆ ಒಯ್ದು ಕೊಡಿ. ಅಂಚೆಯಲ್ಲಿ ಬರಲೆಂದು ಕಾಯಬೇಡಿ.