ಕೆಂಬೆಟ್ಟಗಳ ಮಡಿಲಿನ ಕಡಲತೀರ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಕ್ಯಾನ್ ಮತ್ತು ಸೇಂ-ರಫಾಯೆಲ್ ಎಂಬ ಪಟ್ಟಣಗಳ ನಡುವೆ, ಎಸ್ತೆರೆಲ್ ಬೆಟ್ಟಗಳು ಮೆಡಿಟರೇನಿಯನ್ ಸಮುದ್ರದ ಅಂಚಿನವರೆಗೂ ಚಾಚಿವೆ. ಇವು ಬಹಳ ಎತ್ತರದವಲ್ಲ. ಅತ್ಯುನ್ನತ ಶಿಖರವೂ 650 ಮೀಟರನ್ನು ಮುಟ್ಟುವುದಿಲ್ಲ. ಆದರೆ ಕೆಂಪು ಬಂಡೆ, ಹಸುರು ಕಾಡು, ನೀಲಿ ನೀರು ಇವು ಮೂರೂ ಒಂದೆಡೆ ಕೂಡಿರುವುದರಿಂದ ಆ ಪ್ರದೇಶಕ್ಕೆ ಅಪೂರ್ವವಾದ ಚೆಲುವು ಬಂದಿದೆ. ಈ ಬೆಟ್ಟಗಳ ಬುಡದಲ್ಲಿ ಕುದುರೆಯ ಲಾಳದಂತೆ ಬಾಗಿರುವ ಅಗೇ ಎಂಬ ಕೊಲ್ಲಿಯೂ ಅದರ ಮರಳ ದಂಡೆಯೂ ಇವೆ.

ಬೆಟ್ಟಗಳಿಗೆ ಈ ಕೆಂಪು ಬಣ್ಣ ಬಂದುದು ಹೇಗೆ? ಸುಮಾರು 25 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಜ್ವಾಲಾಮುಖಿಗಳಿದ್ದವು. ಅವು ಉಗುಳಿದ ಶಿಲಾರಸವು ಆರಿ ರೈಯೋಲೈಟ್ ಎಂಬ ಗಡಸು ಕಲ್ಲಾಯಿತು. ಆ ಕಲ್ಲಿನಲ್ಲಿರುವ ಕಬ್ಬಿಣದ ಅಂಶವು ಆಮ್ಲಜನಕದೊಡನೆ ಕೂಡಿದುದೇ ಈ ಕೆಂಪಿಗೆ ಕಾರಣ. ಗಡಸು ಬಂಡೆಗಳು ಅಲೆಗಳನ್ನು ಎದುರಿಸಿ ಭೂಶಿರಗಳಾಗಿ ಉಳಿದವು. ಮೆದು ಭಾಗಗಳು ಸವೆದು ಕೊಲ್ಲಿಗಳಾದವು.

ಪ್ರಾಚೀನ ನಾವಿಕರಿಗೆ ಇಂತಹ ಕೊಲ್ಲಿಗಳು ಪ್ರಾಣರಕ್ಷಕಗಳಾಗಿದ್ದವು. ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿಗೆ ಬೆಟ್ಟಗಳು ಅಡ್ಡಗೋಡೆಯಾಗುತ್ತವೆ. ಆದರೆ ಆಶ್ರಯ ಸೇರುವ ಮುನ್ನವೇ ಮುಳುಗಿದ ಹಡಗುಗಳೂ ಉಂಟು. ಸಮೀಪದ ದ್ರಮೋಂ ಭೂಶಿರದ ಬಳಿ ಸಮುದ್ರತಳದಲ್ಲಿ ರೋಮನ್ ಕಾಲದ ಹಡಗುಗಳ ಅವಶೇಷಗಳೂ ಮಣ್ಣಿನ ಹೂಜಿಗಳೂ ದೊರೆತಿವೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಆಗಸ್ಟ್ 15ರಂದು, ಅಮೆರಿಕದ ಸೈನಿಕರು ಇದೇ ದ್ರಮೋಂ ದಂಡೆಯಲ್ಲಿ ಇಳಿದರು.

ಮರೆಯಲ್ಲಿರುವ ತೀರಕ್ಕೆ ಅಪಾಯವಿಲ್ಲವೆಂದು ಭಾವಿಸುವುದು ಸರಿಯಲ್ಲ. ಇಲ್ಲಿ ಉಬ್ಬರವಿಳಿತ ಅತ್ಯಲ್ಪ. ಭೂಶಿರಗಳ ನಡುವೆ ಸಿಲುಕಿದ ಸಣ್ಣ ದಂಡೆಗೆ ಹೊರಗಿನಿಂದ ಬಂದು ಸೇರುವ ಮರಳೂ ಕಡಿಮೆ. ಇದ್ದ ಮರಳನ್ನು ಕಾಯುವ ಮುಖ್ಯ ಕಾವಲುಗಾರ ನೀರಿನೊಳಗಿದೆ. ಅದೇ ಪೊಸಿಡೋನಿಯ ಎಂಬ ಕಡಲಹುಲ್ಲು. ಇದು ಪಾಚಿಯಲ್ಲ, ಬೇರು, ಕಾಂಡ, ಎಲೆ, ಹೂವುಗಳುಳ್ಳ ಸಸ್ಯ. ಮೆಡಿಟರೇನಿಯನ್ ಸಮುದ್ರವನ್ನು ಬಿಟ್ಟು ಬೇರೆಲ್ಲಿಯೂ ಇದರ ಈ ಜಾತಿ ಬೆಳೆಯುವುದಿಲ್ಲ. ಇದರ ಹಾಸು ಅಲೆಗಳ ವೇಗವನ್ನು ತಗ್ಗಿಸುತ್ತದೆ, ಮರಳನ್ನು ಹಿಡಿದಿಡುತ್ತದೆ, ಮೀನಿನ ಮರಿಗಳಿಗೆ ಮನೆಯಾಗುತ್ತದೆ. ಉದುರಿದ ಎಲೆಗಳು ದಂಡೆಯ ಮೇಲೆ ಕಂದು ರಾಶಿಯಾಗಿ ಬೀಳುತ್ತವೆ. ಪ್ರವಾಸಿಗರ ಕಣ್ಣಿಗೆ ಅದು ಕಸ; ದಂಡೆಗಾದರೋ ಚಳಿಗಾಲದ ಅಲೆಗಳಿಂದ ಕಾಪಾಡುವ ಕವಚ. ಅದನ್ನು ತೆಗೆದುಹಾಕಿದರೆ ಮರಳೂ ಕ್ರಮೇಣ ಕರಗುತ್ತದೆ.

ಈ ಹುಲ್ಲು ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳಷ್ಟು ಹರಡುತ್ತದೆ. ವಿಹಾರನೌಕೆಯ ಲಂಗರು ಕ್ಷಣದಲ್ಲಿ ಕಿತ್ತ ಹಾಸು ಮತ್ತೆ ತುಂಬಲು ಹತ್ತಾರು ವರ್ಷಗಳೇ ಬೇಕು. ಆದುದರಿಂದ ಫ್ರಾನ್ಸ್ ಸರಕಾರವು 1988ರಲ್ಲಿ ಇದನ್ನು ಸಂರಕ್ಷಿತ ಸಸ್ಯವೆಂದು ಸಾರಿತು. ಅನಂತರ ದೊಡ್ಡ ನೌಕೆಗಳು ಇದರ ಮೇಲೆ ಲಂಗರು ಇಳಿಸುವುದನ್ನೂ ನಿರ್ಬಂಧಿಸಲಾಯಿತು.

ನೀರಿನಲ್ಲಿ ಹುಲ್ಲು ಹೇಗೋ, ನೆಲದ ಮೇಲೆ ಕಾಡು ಹಾಗೆ. ಬೇಸಗೆಯ ಒಣಗಾಳಿಯಲ್ಲಿ ಒಂದು ಕಿಡಿ ಸಾಕು, ಬೆಟ್ಟವೇ ಉರಿಯುತ್ತದೆ. ದಪ್ಪ ತೊಗಟೆಯ ಬೆಂಡಿನ ಓಕ್ ಮರಗಳು ಬೆಂಕಿಯನ್ನು ಸಹಿಸಿ ಮತ್ತೆ ಚಿಗುರಬಲ್ಲವು. ಆದರೆ ಬೋಳಾದ ಇಳಿಜಾರಿನ ಮಣ್ಣು ಮಳೆಯಲ್ಲಿ ಕೊಚ್ಚಿ ಕಡಲನ್ನು ಸೇರಿ, ನೀರನ್ನು ಕದಡುತ್ತದೆ. ಬೆಳಕು ಕಾಣದ ಕಡಲಹುಲ್ಲು ಸೊರಗುತ್ತದೆ.

ಹೀಗೆ ಬೆಟ್ಟ, ಕಾಡು, ಮರಳು, ಹುಲ್ಲು ಒಂದನ್ನೊಂದು ಆಶ್ರಯಿಸಿ ನಿಂತಿವೆ. ಗಾಳಿಯಿಂದ ತೀರವನ್ನು ಬೆಟ್ಟಗಳು ಕಾಯುತ್ತವೆ. ಮನುಷ್ಯನ ಅಜಾಗರೂಕತೆಯಿಂದ ಅದನ್ನು ಕಾಯಬೇಕಾದವನು ಮನುಷ್ಯನೇ.